ಕಾರ್ಯದರ್ಶಿಗಳ ಕೈಯಲ್ಲಿ ಕರೆಂಟು

ಬೆಳಿಗ್ಗೆ ಏಳೂವರೆಗೆ ಕಾರ್ಯದರ್ಶಿಗಳು ಗುಂಡಿ ಒತ್ತಿದಾಗ ಪಂಪು ‘ಹೂಂ’ ಅಂದಿತು. ಪತ್ರಿಕೆಯ ಮರೆಯಲ್ಲಿ ಕೂತ ಗಂಡಂದಿರು ಅನ್ನುವಂಥ ಹೂಂ ಅದು. ಹೇಳಿದ್ದು ಕೇಳಿಸಿದೆ, ಏಳುವ ಉದ್ದೇಶವಿಲ್ಲ. ಆರಿಸಿ ಮತ್ತೆ ಒತ್ತಿದರು. ಮತ್ತೆ ಹೂಂ. ಮೂರನೆಯ ಸಲ ಹೂಂ ಜೊತೆಗೆ ಸುಟ್ಟ ವಾಸನೆಯೂ ಬಂದದ್ದರಿಂದ ಗಾಬರಿಯಾಗಿ ಪಂಪಿನ ಮೇನ್ ಸ್ವಿಚ್ಚನ್ನೇ ಕೆಳಗೆಳೆದು, ಮೆಟ್ಟಿಲ ಕೆಳಗಿನ ಪಂಪಿನ ಗೂಡಿನಲ್ಲಿ ಬಗ್ಗಿ ನಿಂತುಕೊಂಡರು.

ಮೂರು ಮಹಡಿ, ಹನ್ನೆರಡು ಮನೆ, ಒಂದೇ ಪಂಪು. ನೆಲದಡಿಯ ತೊಟ್ಟಿಯಿಂದ ತಾರಸಿಯ ಟ್ಯಾಂಕಿಗೆ ನೀರು ಏರಿದರೆ ಕಟ್ಟಡ ಬದುಕುತ್ತದೆ. ಏರದಿದ್ದರೆ ಹನ್ನೆರಡು ಮನೆಯವರೂ ಕಾರ್ಯದರ್ಶಿಗಳ ಬಾಗಿಲು ಬಡಿಯುತ್ತಾರೆ. ಈ ಪದವಿಯನ್ನು ಅವರೇನೂ ಬಯಸಿ ಪಡೆದದ್ದಲ್ಲ. ಮೂರು ವರ್ಷದ ಹಿಂದೆ ನಿವಾಸಿಗಳ ಸಭೆಯ ನಡುವೆ ಎದ್ದು ಬಚ್ಚಲಿಗೆ ಹೋಗಿದ್ದರು. ಕೈ ತೊಳೆದುಕೊಂಡು ಬರುವಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಯಾರಿಗೋ ಏನೋ ಒಳ್ಳೆಯದಾಗಿದೆ ಎಂದುಕೊಂಡು ತಾವೂ ತಟ್ಟಿದರು.

ಬೇರೆ ದಿನವಾಗಿದ್ದರೆ ಬೈಸಿಕೊಂಡು ಸುಮ್ಮನಿರುತ್ತಿದ್ದರು. ಬೈಸಿಕೊಳ್ಳುವುದು ಅವರಿಗೆ ಅಂಗೈಯ ಗೆರೆಯಷ್ಟು ಪರಿಚಿತ. ಆದರೆ ಇವತ್ತು ಮಧ್ಯಾಹ್ನ ನಾಲ್ಕಕ್ಕೆ ಆಸ್ಪತ್ರೆಯಿಂದ ಮಗಳು ಬರುವವಳಿದ್ದಳು, ಆರು ದಿನದ ಮೊಮ್ಮಗಳ ಜೊತೆಗೆ. ಮೊದಲ ಒಂದು ತಿಂಗಳು ಮಗು ಯಾರ ಮನೆಯಲ್ಲಿರಬೇಕು ಎಂಬ ಬಗ್ಗೆ ಅವರಿಗೂ ಬೀಗರಿಗೂ, ಅಂದರೆ ಮಗಳ ಮಾವನಿಗೂ, ಎರಡು ತಿಂಗಳಿಂದ ನಗುನಗುತ್ತಲೇ ಯುದ್ಧ ನಡೆದಿತ್ತು. ಕಾರ್ಯದರ್ಶಿಗಳು ಯುದ್ಧಕ್ಕೆ ನೂರು ಮಾತು ಬಳಸಿದರು. ಬೀಗರು ಬಳಸಿದ್ದು ಒಂದೇ. ಮೂರು ಬೇರೆ ಬೇರೆ ಸಂದರ್ಭದಲ್ಲಿ, ಮೂರು ಸಲವೂ ಸೂರನ್ನು ನೋಡುತ್ತಾ, “ನಮ್ಮಲ್ಲಿ ನೀರಿಗೆ ತೊಂದರೆ ಇಲ್ಲ” ಅಂದಿದ್ದರು.

ನಮ್ಮಲ್ಲೂ ಇಲ್ಲ, ನಲ್ಲಿ ತಿರುಗಿಸಿದರೆ ನದಿ, ಎಂದು ಕಾರ್ಯದರ್ಶಿಗಳು ಎದೆ ತಟ್ಟಿಕೊಂಡಿದ್ದರು. ಕೊನೆಗೆ ಮಗಳೇ ತೀರ್ಪು ಕೊಟ್ಟಳು. “ಆಯ್ತಪ್ಪ, ನಿಮ್ಮ ಮನೆಗೇ ಬರ್ತೀನಿ. ಆದ್ರೆ ಪಂಪು ಕೆಟ್ಟಿದೆ ಗಿಟ್ಟಿದೆ ಅಂದ್ರೆ ಕಾರಿಂದ ಇಳಿಯೋದೇ ಇಲ್ಲ. ಹಾಗೇ ಮಾವನ ಮನೆಗೆ ತಿರುಗಿಸ್ಕೊಂಡು ಹೋಗ್ತೀನಿ.”

ಪಂಪಿನ ಅಂಗಡಿಯ ಮೆಕ್ಯಾನಿಕ್ಕಿಗೆ ಫೋನು ಹಚ್ಚಿದರು. ಆತ ಅಂಗಡಿ ಬಿಟ್ಟು ಬರುವವನಲ್ಲ. ಹೂಂ ಅನ್ನುತ್ತದೆಯೇ, ಹಿಂದಿನ ರೆಕ್ಕೆ ಬೆರಳಲ್ಲಿ ತಳ್ಳಿದರೆ ಸಲೀಸಾಗಿ ತಿರುಗುತ್ತದೆಯೇ ಎಂದು ಡಾಕ್ಟರ ಹಾಗೆ ವಿಚಾರಿಸಿದ. ಎರಡಕ್ಕೂ ಹೌದು ಎಂದ ಮೇಲೆ, “ಹಾಗಾದ್ರೆ ಮೋಟಾರಿಗೆ ಏನೂ ಆಗಿಲ್ಲ, ಕೆಪಾಸಿಟರ್ ಹೋಗಿದೆ. ಪಕ್ಕದ ಪೆಟ್ಟಿಗೇಲಿ ಪೌಡರ್ ಡಬ್ಬಿ ಥರ ಇರುತ್ತೆ. ಬಿಚ್ಕೊಂಡು ಬನ್ನಿ, ಅಂಥದೇ ಇನ್ನೊಂದು ಕೊಡ್ತೀನಿ” ಅಂದ.

ಪೆಟ್ಟಿಗೆಯಲ್ಲಿ ನಿಜಕ್ಕೂ ಪೌಡರ್ ಡಬ್ಬಿಯೇ ಇತ್ತು. ತಲೆ ಮಾತ್ರ ಉಬ್ಬಿಕೊಂಡಿತ್ತು. ತಲೆಯ ಮೇಲೆ ಎರಡು ಹಿತ್ತಾಳೆಯ ನಾಲಗೆ, ಒಂದೊಂದಕ್ಕೂ ಒಂದೊಂದು ವೈರು. ಹೆಂಡತಿಯ ಪಾತ್ರೆ ತೊಳೆಯುವ ಗುಲಾಬಿ ಬಣ್ಣದ ರಬ್ಬರ್ ಕೈಗವಸು ಹಾಕಿಕೊಂಡು ವೈರು ಕಿತ್ತು, ಡಬ್ಬಿಯನ್ನು ಹೊರಗೆಳೆದರು. ಸ್ವಂತ ಕೈಯಾರೆ ಹಲ್ಲು ಕಿತ್ತುಕೊಂಡಷ್ಟು ಹೆಮ್ಮೆಯಾಯಿತು. ಆಗಲೇ ಕೆಳಮನೆಯ ಕಿಟಕಿಯಿಂದ ಮೇಷ್ಟ್ರ ತಲೆ ಹೊರಬಂತು.

“ಅಲ್ಲಾಡಬೇಡಿ,” ಅಂದರು ಮೇಷ್ಟ್ರು.

ಮೇಷ್ಟ್ರು ಮೂವತ್ತನಾಲ್ಕು ವರ್ಷ ವಿಜ್ಞಾನ ಪಾಠ ಮಾಡಿ ನಿವೃತ್ತರಾದವರು. ವಿದ್ಯುತ್ತಿನ ಬಗ್ಗೆ ಅವರಿಗೆ ಗೊತ್ತಿಲ್ಲದ ಸಂಗತಿಯಿಲ್ಲ. ಇಡೀ ಜ್ಞಾನ ಕಪ್ಪುಹಲಗೆಯ ಮೇಲೇ ಬೆಳೆದದ್ದರಿಂದ ಒಂದೇ ಒಂದು ಸಲವೂ ಶಾಕ್ ಹೊಡೆಸಿಕೊಂಡವರಲ್ಲ. ಕಾರ್ಯದರ್ಶಿಗಳು ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಇದ್ದ ಭಂಗಿಯಲ್ಲೇ ನಿಂತರು. ಸ್ವಿಚ್ ಆರಿಸಿದ್ದೀನಲ್ಲ ಮೇಷ್ಟ್ರೇ, ಎಂದು ತುಟಿ ಮಾತ್ರ ಅಲ್ಲಾಡಿಸಿ ಹೇಳಿದರು.

“ಸ್ವಿಚ್ ಆರಿದ್ರೆ ಗೋಡೆಯೊಳಗಿನ ಕರೆಂಟು ಆರುತ್ತೆ. ಡಬ್ಬಿಯೊಳಗೆ ಹೋಗಿ ಕೂತಿರೋದು ಎಲ್ಲಿ ಆರುತ್ತೆ? ಕೆಪಾಸಿಟರ್ ಸ್ವಾಮಿ ಅದು. ವಾರಗಟ್ಟಲೆ ಇಟ್ಕೊಂಡಿರುತ್ತೆ, ಅತ್ತೆ ಸಿಟ್ಟಿನ ಹಾಗೆ.”

ಆಮೇಲೆ ಮೇಷ್ಟ್ರು ಕಿಟಕಿಯ ಸರಳು ಹಿಡಿದುಕೊಂಡೇ ಪಾಠ ಮಾಡಿದರು. ಡಬ್ಬಿಯೊಳಗೆ ಎರಡು ತಗಡು, ನಡುವೆ ತೆಳುವಾದೊಂದು ಪರದೆ. ಕರೆಂಟು ಬಂದು ತಗಡಿನ ಮೇಲೆ ಸೇರುತ್ತದೆ, ಮೊದಲ ನಿಲ್ದಾಣದಲ್ಲಿ ಜನ ಖಾಲಿ ಬಸ್ಸಿಗೆ ನುಗ್ಗುವ ಹಾಗೆ. ಸೀಟು ತುಂಬುತ್ತಾ ಬಂದಂತೆ ಒಳಗಿದ್ದವರೇ ಮೊಣಕೈಯಿಂದ ಹೊಸಬರನ್ನು ಹೊರಕ್ಕೆ ತಳ್ಳುತ್ತಾರೆ, ಹತ್ತುವುದು ನಿಧಾನವಾಗುತ್ತದೆ, ಕೊನೆಗೆ ಒಬ್ಬನೂ ಹತ್ತಲಾರ. ಆಗ ಅದು ಪೂರ್ತಿ ಚಾರ್ಜಾದ ಡಬ್ಬಿ. ಇಳಿಯುವಾಗಲೂ ಅದೇ ರೀತಿ. ಬಾಗಿಲು ತೆರೆದ ಕೂಡಲೇ ದಬದಬ ಇಳಿಯುತ್ತಾರೆ, ಬರಬರುತ್ತಾ ತೆಳ್ಳಗಾಗುತ್ತದೆ, ಕೊನೆಗೆ ಚೀಲ ಹುಡುಕುವ ಅಜ್ಜಿಯೊಬ್ಬರು ಉಳಿದಿರುತ್ತಾರೆ. ಬಾಗಿಲು ಅಗಲವಾಗಿದ್ದಷ್ಟೂ ಬೇಗ ಖಾಲಿ, ಇಕ್ಕಟ್ಟಾಗಿದ್ದಷ್ಟೂ ನಿಧಾನ.

“ಆ ಎರಡು ನಾಲಗೆಗೂ ಒಟ್ಟಿಗೆ ನಿಮ್ಮ ಕೈ ತಾಗಿತೋ, ನೀವೇ ಬಾಗಿಲು,” ಅಂದು ಮೇಷ್ಟ್ರು ಮುಗಿಸಿದರು. “ಅಷ್ಟೂ ಪ್ರಯಾಣಿಕರು ಒಟ್ಟಿಗೆ ನಿಮ್ಮ ಎದೆ ಮೇಲೆ ಇಳೀತಾರೆ.”

ಕಾರ್ಯದರ್ಶಿಗಳು ಡಬ್ಬಿಯನ್ನು ಮೈಯಿಂದ ಒಂದು ಮೊಳ ದೂರ ಚಾಚಿದರು. ಎಲ್ಲಿಡಲಿ ಎಂದು ಕೇಳಿದರು. ನೆಲದ ಮೇಲೆ ಬೇಡ, ಒದ್ದೆಯಿದೆ. ತೊಟ್ಟಿಯ ಮುಚ್ಚಳದ ಮೇಲೆ ಬೇಡ, ಕಬ್ಬಿಣ. ಒಣಗಿದ ಮರದ ಮೇಲೆ ಇಡಬಹುದು ಎಂದರು ಮೇಷ್ಟ್ರು. ಹಾಗಾದರೆ ನಿಮ್ಮ ಮರದ ಕುರ್ಚಿ, ಎನ್ನುವಷ್ಟರಲ್ಲಿ ಕಿಟಕಿ ಅರ್ಧ ಮುಚ್ಚಿಕೊಂಡಿತು. ಪಕ್ಕದ ಮನೆಯವರು ನಮ್ಮಲ್ಲಿ ಬೆಕ್ಕಿದೆ ಅಂದರು. ಎದುರು ಮನೆಯವರು ನಮ್ಮಲ್ಲಿ ಬೆಕ್ಕಿಲ್ಲ, ಆದರೂ ಬೇಡ ಅಂದರು. ತಮ್ಮ ಮನೆಯಲ್ಲಿ ಇಡೋಣವೆಂದರೆ ತೊಟ್ಟಿಲು ಇದ್ದ ಕೋಣೆಯೊಂದೇ ಕಣ್ಣಿಗೆ ಕಟ್ಟಿತು. ಹೀಗೆ ಹಿಡಿದ ಡಬ್ಬಿ ಹಿಡಿದ ಹಾಗೆಯೇ ಉಳಿಯಿತು.

ಅಷ್ಟರಲ್ಲಿ ಮೇಲ್ಮನೆ ಅಕ್ಕ ಇಳಿದು ಬಂದರು. ತಲೆಗೆ ಡೈ ಬಳಿದುಕೊಂಡು, ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಯುದ್ಧಕ್ಕೆ ಹೊರಟ ಸೇನಾಪತಿಯಂತಿದ್ದರು. ಅವರ ಮನೆ ನಲ್ಲಿಯಲ್ಲಿ ನೀರು ಬಂದದ್ದು ಡೈ ಹಚ್ಚುವವರೆಗೆ. ತೊಳೆಯಲು ಹೋದಾಗ ಗಾಳಿ. “ಸೆಕ್ರೆಟ್ರಿಗಳೇ, ಇನ್ನು ಹತ್ತು ನಿಮಿಷ ಬಿಟ್ರೆ ಕೂದ್ಲು ಕಪ್ಪಗಾಗುತ್ತೆ. ಇಪ್ಪತ್ತು ನಿಮಿಷ ಬಿಟ್ರೆ ಹಣೆನೂ ಆಗುತ್ತೆ. ನಾನು ಯಾವುದಕ್ಕೆ ತಯಾರಾಗ್ಲಿ ಹೇಳಿ.”

ಡಬ್ಬಿಯ ಕಥೆ ಹೇಳಿದರು. ಅಕ್ಕ ಎರಡು ಮೆಟ್ಟಿಲು ಹಿಂದಕ್ಕೆ ಹತ್ತಿದರು.

ಮೇಷ್ಟ್ರಿಗೆ ಒಂದು ಉಪಾಯ ಹೊಳೆಯಿತು. ಇಕ್ಕಟ್ಟಾದ ಬಾಗಿಲೊಂದನ್ನು ಮಾಡಿ ಕರೆಂಟನ್ನು ನಿಧಾನವಾಗಿ ಇಳಿಸಿಬಿಟ್ಟರಾಯಿತು. ಹಳೇ ಕಾಲದ ತಂತಿಯ ಬಲ್ಬು ಬೇಕು. ಇಡೀ ಕಟ್ಟಡದಲ್ಲಿ ಅಂಥದ್ದು ಉಳಿದಿದ್ದದ್ದು ಮೇಲ್ಮನೆ ಅಕ್ಕನ ಕನ್ನಡಿಯ ಮೇಲೆ ಮಾತ್ರ. ಆ ಬೆಳಕಲ್ಲೇ ಬಿಳಿ ಕೂದಲು ಸರಿಯಾಗಿ ಕಾಣುವುದು ಎಂದು ಅವರು ಹಟ ಮಾಡಿದರು; ಹಣೆಯ ಮಾತು ನೆನಪಾಗಿ ತಂದುಕೊಟ್ಟರು. ಮೇಷ್ಟ್ರು ಬಲ್ಬಿಗೆ ಎರಡು ವೈರು ಸುತ್ತಿ, ಕಿಟಕಿಯ ಒಳಗಿನಿಂದಲೇ ಒಂದು ಉದ್ದನೆಯ ಕೋಲಿಗೆ ಕಟ್ಟಿ ಹೊರಚಾಚಿದರು. ಕಾರ್ಯದರ್ಶಿಗಳು ಕಣ್ಣು ಮುಚ್ಚಿಕೊಂಡು ಡಬ್ಬಿಯ ನಾಲಗೆಗೆ ವೈರು ತಾಗಿಸಿದರು. ಮೆಟ್ಟಿಲ ಮೇಲಿದ್ದವರೆಲ್ಲ ಕಿವಿ ಮುಚ್ಚಿಕೊಂಡರು.

ಬಲ್ಬು ಉರಿಯಲಿಲ್ಲ.

ಬಲ್ಬು ಕೆಟ್ಟಿದೆ ಎಂದರು ಮೇಷ್ಟ್ರು. ಅಕ್ಕ ರೇಗಿ ಅದನ್ನು ಕಿತ್ತುಕೊಂಡು ಮೇಲೆ ಹೋಗಿ ಹಾಕಿದರು, ಚೆನ್ನಾಗಿಯೇ ಉರಿಯಿತು. ಮಹಡಿಯಿಂದಲೇ ಆ ಸುದ್ದಿಯನ್ನು ಇಡೀ ಬೀದಿಗೆ ಕೇಳಿಸುವಂತೆ ಹೇಳಿದರು. ಮೇಷ್ಟ್ರು ಗಲ್ಲ ಕೆರೆದುಕೊಂಡರು. ಹಾಗಾದರೆ ಒಂದಷ್ಟು ಇಳಿದಿರಬೇಕು, ನಮ್ಮ ಕಣ್ಣಿಗೆ ಕಾಣದಷ್ಟು ಬೇಗ, ಅಂದರು. ಕಾರ್ಯದರ್ಶಿಗಳಿಗೆ ಜೀವ ಬಂದಂತಾಗಿ, ಈಗ ಖಾಲಿ ತಾನೇ, ಕೆಳಗಿಡಲೇ ಎಂದರು.

ಮೇಷ್ಟ್ರು ತಲೆಯಾಡಿಸಿದರು. “ಅಲ್ಲೇ ಇರೋದು ಸೂಕ್ಷ್ಮ. ಪ್ರತಿ ಸಲ ಇದ್ದದ್ದರಲ್ಲಿ ಒಂದು ಪಾಲು ಇಳಿಯುತ್ತೆ, ಒಂದು ಪಾಲು ಉಳಿಯುತ್ತೆ. ಉಳಿದದ್ದರಲ್ಲಿ ಮತ್ತೆ ಒಂದು ಪಾಲು. ಹೀಗೆ ಇಳೀತಾನೇ ಇರುತ್ತೆ, ಸೊನ್ನೆ ಮಾತ್ರ ಆಗಲ್ಲ. ಸಿದ್ಧಾಂತದ ಪ್ರಕಾರ ಅದು ಪೂರ್ತಿ ಖಾಲಿಯಾಗೋದೇ ಇಲ್ಲ.”

ಕಾರ್ಯದರ್ಶಿಗಳು ಕೈಯಲ್ಲಿದ್ದ ಡಬ್ಬಿಯನ್ನು ನೋಡಿದರು. ಜೀವಮಾನವಿಡೀ ಹೀಗೇ ನಿಂತಿರಬೇಕೇನೋ ಅನ್ನಿಸಿತು.

ಹತ್ತು ಗಂಟೆಗೆ ಆಸ್ಪತ್ರೆಯಿಂದ ಹೆಂಡತಿಯ ಫೋನು. ಡಬ್ಬಿ ಹಿಡಿದ ಕೈ ಅಲ್ಲಾಡಿಸದೆ, ಇನ್ನೊಂದು ಕೈಯ ಗವಸನ್ನು ಹಲ್ಲಿನಿಂದ ಕಚ್ಚಿ ಎಳೆದು ಫೋನು ಎತ್ತಿದರು. ಆಕೆಗೆ ಆಗಲೇ ಮೇಲ್ಮನೆ ಅಕ್ಕನಿಂದ ವರದಿ ತಲುಪಿತ್ತು.

“ರೀ, ಬೀಗರು ಇಲ್ಲೇ ಇದ್ದಾರೆ. ಮೂವತ್ತು ವರ್ಷ ಕರೆಂಟ್ ಕಂಬ ಹತ್ತಿದವರು. ಒಂದು ಮಾತು ಕೇಳಲಾ?”

“ಬಾಯಿ ಬಿಟ್ಟೀಯ,” ಅಂದರು ಕಾರ್ಯದರ್ಶಿಗಳು ಹಲ್ಲಿನಲ್ಲಿ ಗವಸು ಕಚ್ಚಿಕೊಂಡೇ. “ಪಂಪು ಚೆನ್ನಾಗಿದೆ. ಸ್ವಲ್ಪ ಹೂಂ ಅಂತಿದೆ ಅಷ್ಟೇ.”

ನಮ್ಮಲ್ಲಿ ನೀರಿಗೆ ತೊಂದರೆ ಇಲ್ಲ ಎಂದು ಸೂರು ನೋಡುವ ಆ ಮನುಷ್ಯನಿಗೆ ಇದು ತಿಳಿಯುವುದಕ್ಕಿಂತ ಡಬ್ಬಿಯೇ ಸಿಡಿಯುವುದು ವಾಸಿ. ಕಾರ್ಯದರ್ಶಿಗಳು ಡಬ್ಬಿ ಹಿಡಿದೇ ಅಂಗಡಿಯ ಬಸ್ಸು ಹತ್ತಲು ಹೊರಟರು.

ಬಸ್ಸು ತುಂಬಿತ್ತು. ಕಾರ್ಯದರ್ಶಿಗಳು ಒಂದು ಕೈಯಲ್ಲಿ ಕಂಬಿ ಹಿಡಿದು, ಗುಲಾಬಿ ಗವಸಿನ ಇನ್ನೊಂದು ಕೈಯನ್ನು ಜನರ ತಲೆಗಳ ಮೇಲೆ ದೀಪ ಹಿಡಿದವರಂತೆ ಎತ್ತಿ ನಿಂತರು. ಇದೇನು ಎಂದು ಕಂಡಕ್ಟರು ಕೇಳಿದ. ಸುಳ್ಳು ಹೇಳುವ ಅಭ್ಯಾಸವಿಲ್ಲದ ಮನುಷ್ಯ, ಕರೆಂಟು ಅಂದರು. ಎಲ್ಲಿ ಎಂದ. ಇದರೊಳಗೆ, ಸ್ವಲ್ಪ ಇಳಿದಿದೆ, ಪೂರ್ತಿ ಖಾಲಿಯಾಗಿಲ್ಲ ಅಂದರು. ಮರುಗಳಿಗೆಯಲ್ಲಿ ಅವರ ಸುತ್ತ ಮೂರು ಸಾಲು ಸೀಟು ಖಾಲಿಯಾದವು. ಹುಟ್ಟಿದಾಗಿನಿಂದ ಬಸ್ಸಿನಲ್ಲಿ ಸಿಗದಿದ್ದ ಕಿಟಕಿ ಪಕ್ಕದ ಸೀಟು ಆ ದಿನ ಸಿಕ್ಕಿತು. ಅದರಲ್ಲಿ ಅವರು ಕೂತದ್ದು ಮುಂದಿನ ನಿಲ್ದಾಣದ ತನಕ ಮಾತ್ರ. ಅಲ್ಲಿ ಕಂಡಕ್ಟರು, ಇಳಿದ್ಬಿಡಿ ಯಜಮಾನ್ರೇ, ನನಗೂ ಹೆಂಡತಿ ಮಕ್ಕಳಿದ್ದಾರೆ, ಎಂದು ಬಹಳ ವಿನಯದಿಂದ ಹೇಳಿದ. ಇಳಿಯುವ ಅವಸರದಲ್ಲಿ, ಕಳಚಿದ್ದ ಒಂದು ಗವಸು ಸೀಟಿನಲ್ಲೇ ಉಳಿಯಿತು.

ಉಳಿದ ಎರಡು ಮೈಲಿ ನಡೆದರು. ಬಿಸಿಲು ನೆತ್ತಿಗೆ ಬಂದಿತ್ತು. ಚಾಚಿದ ತೋಳು ಮೊದಲು ನೋಯಿತು, ಆಮೇಲೆ ಜುಮ್ಮೆಂದಿತು, ಆಮೇಲೆ ಬೇರೆ ಯಾರದೋ ತೋಳಿನಂತಾಯಿತು. ಒಂದು ಕಡೆ ಕ್ಷೌರದಂಗಡಿಯವನು ಕರೆದು, ಮಣ್ಣಲ್ಲಿ ಹೂತುಬಿಡಿ, ಭೂಮಿ ಎಲ್ಲವನ್ನೂ ಹೀರಿಕೊಳ್ಳುತ್ತೆ ಎಂದು ಬುದ್ಧಿ ಹೇಳಿದ. ಮುಂದೊಬ್ಬರು ಉಪ್ಪುನೀರಲ್ಲಿ ಅದ್ದಿ ಅಂದರು. ಬೇಡದ ಸಲಹೆಗೂ ಬೀದಿ ನಾಯಿಗೂ ಕರೆಯೋಲೆ ಬೇಕಿಲ್ಲ. ಎರಡೂ ಅವರ ಹಿಂದೆ ಅಂಗಡಿಯವರೆಗೆ ಬಂದವು. ಅಂಗಡಿ ಊಟಕ್ಕೆ ಮುಚ್ಚಿತ್ತು; ಮೂರು ಗಂಟೆಗೆ ತೆರೆಯುವ ತನಕ ಡಬ್ಬಿ ಚಾಚಿಕೊಂಡೇ ಕಾದರು.

ಅಂಗಡಿಯಲ್ಲಿ ಮೆಕ್ಯಾನಿಕ್ಕು ಬಿಚ್ಚಿಟ್ಟ ಮೋಟಾರುಗಳ ನಡುವೆ ಎದೆಮಟ್ಟ ಮುಳುಗಿದ್ದ. ಡಬ್ಬಿಯನ್ನು ಅವರ ಕೈಯಿಂದ ಸುಲಿದ ಬಾಳೆಹಣ್ಣು ತೆಗೆದುಕೊಳ್ಳುವಂತೆ ತೆಗೆದುಕೊಂಡ. ಹುಷಾರು ಎಂದು ಕಾರ್ಯದರ್ಶಿಗಳು ಬಾಯಿ ತೆರೆಯುವಷ್ಟರಲ್ಲಿ ಹೆಬ್ಬೆರಳು ಒಂದು ನಾಲಗೆಯ ಮೇಲೆ, ತೋರುಬೆರಳು ಇನ್ನೊಂದರ ಮೇಲೆ ಒತ್ತಿ ಹಿಡಿದ. ಕಾರ್ಯದರ್ಶಿಗಳು ಕಣ್ಣು ಮುಚ್ಚಿದರು. ತೆರೆದಾಗ ಮೆಕ್ಯಾನಿಕ್ಕು ಹಾಗೇ ಇದ್ದ, ಆಕಳಿಸುತ್ತಿದ್ದ.

“ಫೋನಲ್ಲೇ ಹೇಳಿದ್ನಲ್ಲ, ಹೋಗಿದೆ ಅಂತ. ತಲೆ ಹೇಗೆ ಊದಿದೆ ನೋಡಿ. ಇದರಲ್ಲಿ ಒಂದು ತೊಟ್ಟು ಕರೆಂಟೂ ನಿಲ್ಲಲ್ಲ. ಇದರಲ್ಲಿ ಕರೆಂಟು ನಿಲ್ಲೋ ಹಾಗಿದ್ರೆ ನಿಮ್ಮ ಪಂಪು ಯಾಕೆ ನಿಲ್ತಿತ್ತು?”

ಈ ಒಂದು ಪ್ರಶ್ನೆಯನ್ನು ಬೆಳಗಿನಿಂದ ಹನ್ನೆರಡು ಮನೆಯಲ್ಲಿ ಒಬ್ಬರೂ ಕೇಳಿರಲಿಲ್ಲ. ಕಾರ್ಯದರ್ಶಿಗಳ ತೋಳು ತಾನಾಗಿ ಕೆಳಗೆ ಬಿತ್ತು. ಅವಮಾನ, ಸಿಟ್ಟು, ಹಸಿವು ಮೂರೂ ಒಟ್ಟಿಗೆ ಆಯಿತು.

ಮೆಕ್ಯಾನಿಕ್ಕು ಮೇಲಿನ ಅಟ್ಟದಿಂದ ಅಂಥದ್ದೇ ಹೊಸ ಡಬ್ಬಿ ತೆಗೆದ. ಕೊಡುವ ಮುಂಚೆ ಪರೀಕ್ಷೆ ಮಾಡಿ ತೋರಿಸುವುದು ಅವನ ಅಂಗಡಿಯ ರೂಢಿ. ಗೋಡೆಯಿಂದ ನೇತಾಡುತ್ತಿದ್ದ ಎರಡು ವೈರುಗಳಿಗೆ ಡಬ್ಬಿಯ ನಾಲಗೆಗಳನ್ನು ಒಮ್ಮೆ ತಾಗಿಸಿ ತೆಗೆದ. ಆಮೇಲೆ ಸ್ಕ್ರೂಡ್ರೈವರನ್ನು ಎರಡು ನಾಲಗೆಗೂ ಅಡ್ಡ ಹಿಡಿದ. ಚಟಾರ್ ಎಂದು ಕಿಡಿ ಹಾರಿತು. ಜೀವ ಇರುವ ಮಾಲು, ಚೆನ್ನಾಗಿದೆ ಅಂದ. ಕಾರ್ಯದರ್ಶಿಗಳು ಅಷ್ಟರಲ್ಲಿ ಬೆನ್ನು ತಿರುಗಿಸಿ ಕಿವಿ ಮುಚ್ಚಿಕೊಂಡಿದ್ದರು.

“ನೀವು ನೋಡ್ಲೇ ಇಲ್ಲ. ಆಮೇಲೆ ಬಂದು ಕೆಟ್ಟದ್ದು ಕೊಟ್ಟೆ ಅನ್ನಬೇಡಿ. ಇನ್ನೊಂದ್ಸಲ ನೋಡ್ಕೊಳ್ಳಿ,” ಎಂದು ಡಬ್ಬಿಯನ್ನು ಮತ್ತೆ ವೈರಿಗೆ ತಾಗಿಸಿ ತೆಗೆದ. ಸ್ಕ್ರೂಡ್ರೈವರಿಗೆ ಕೈ ಹಾಕಿದ. ಸರಿಯಾಗಿ ಆಗಲೇ ಒಬ್ಬ ಹೆಂಗಸು ಮಿಕ್ಸಿಯೊಂದನ್ನು ಕಂಕುಳಲ್ಲಿ ಇರುಕಿಕೊಂಡು ಬಂದು, ಇದೇ ತಿಂಗಳಲ್ಲಿ ನಾಲ್ಕನೇ ಸಲ ತರುತ್ತಿದ್ದೇನೆ, ನೀನು ರಿಪೇರಿ ಮಾಡಿದ ಮೇಲೆ ಇದು ಹಿಂದುಮುಂದಾಗಿ ತಿರುಗುತ್ತಿದೆ ಎಂದು ಕೌಂಟರಿನ ಮೇಲೆ ಕುಕ್ಕಿದಳು. ಮಿಕ್ಸಿಗೆ ಹಿಂದುಮುಂದು ಇರುವುದಿಲ್ಲ ಎಂದು ಇವನು, ನಿನಗೂ ಇಲ್ಲ ಎಂದು ಅವಳು. ಮೂರೂವರೆ ಹತ್ತಿರವಾಗುತ್ತಿತ್ತು. ಕಾರ್ಯದರ್ಶಿಗಳು ಗಡಿಯಾರ ತೋರಿಸಿದರು. ಮೆಕ್ಯಾನಿಕ್ಕು ಜಗಳ ನಿಲ್ಲಿಸದೆಯೇ ಹೊಸ ಡಬ್ಬಿಯನ್ನು ಹಳೇ ಪತ್ರಿಕೆಯಲ್ಲಿ ಸುತ್ತಿ ಕೈಗಿಟ್ಟು, ಎರಡು ವೈರು ಸಿಗಿಸಿದರೆ ಸಾಕು ಎಂದು ಸನ್ನೆ ಮಾಡಿದ. ಹಳೆಯದನ್ನೂ ಕೇಳಿ ಪಡೆದು, ಎರಡನ್ನೂ ಚೀಲಕ್ಕೆ ಹಾಕಿಕೊಂಡು, ಕಾರ್ಯದರ್ಶಿಗಳು ಬಸ್ಸಿನಲ್ಲಿ ಮೊಣಕೈಯಿಂದ ನಾಲ್ಕು ಜನರನ್ನು ತಳ್ಳಿ ಬಂದರು. ಹಾಗೆ ತಳ್ಳಿದ್ದು ಅದೇ ಮೊದಲು.

ಹಳೆಯದನ್ನು ಬೇಕೆಂದೇ ತಂದಿದ್ದರು. ಮೇಷ್ಟ್ರಿಗೆ ತೋರಿಸಬೇಕಾಗಿತ್ತು.

ಮೆಟ್ಟಿಲ ಬುಡದಲ್ಲಿ ಇಡೀ ಕಟ್ಟಡ ಸೇರಿತ್ತು. ಮೇಲ್ಮನೆ ಅಕ್ಕನ ಹಣೆ, ಕಿವಿ, ಎಡಗೆನ್ನೆಯ ಸ್ವಲ್ಪ ಭಾಗ ಹೇಳಿದ ಮಾತಿನಂತೆ ಕಪ್ಪಾಗಿತ್ತು. ಕಾರ್ಯದರ್ಶಿಗಳು ನೇರ ಪಂಪಿನ ಗೂಡಿಗೆ ಹೋಗಿ ಎರಡು ವೈರು ಸಿಗಿಸಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಮೂರು ವರ್ಷದಿಂದ ಒಬ್ಬೊಬ್ಬರ ಮಾತೂ ಅವರೊಳಗೆ ಹೋಗಿ ಕೂತಿತ್ತು, ಸೀಟು ತುಂಬಿತ್ತು, ಇನ್ನೊಬ್ಬ ಹತ್ತಲು ಜಾಗವಿರಲಿಲ್ಲ. ಚೀಲದಿಂದ ಹಳೇ ಡಬ್ಬಿ ತೆಗೆದು, ಗವಸಿಲ್ಲದ ಕೈಯ ಹೆಬ್ಬೆರಳು, ತೋರುಬೆರಳುಗಳಿಂದ ಎರಡು ನಾಲಗೆಯನ್ನೂ ಒತ್ತಿ ಹಿಡಿದು ಎಲ್ಲರಿಗೂ ಕಾಣುವಂತೆ ಎತ್ತಿದರು. ಯಾರೋ ಅಯ್ಯೋ ಅಂದರು. ಏನೂ ಆಗಲಿಲ್ಲ.

“ಎಲ್ಲಿ ಮೇಷ್ಟ್ರೇ ನಿಮ್ಮ ಪ್ರಯಾಣಿಕರು? ಎಲ್ಲ ಬೆಳಿಗ್ಗೆನೇ ಇಳಿದು ಮನೆಗೆ ಹೋಗಿದ್ದಾರೆ. ಮೂವತ್ತನಾಲ್ಕು ವರ್ಷ ಏನು ಪಾಠ ಮಾಡಿದ್ರಿ ನೀವು?”

ಮೆಟ್ಟಿಲ ಮೇಲೆ ನಗು ಎದ್ದಿತು. ಅಷ್ಟು ಜನ ತಮ್ಮ ಮಾತಿಗೆ ನಕ್ಕದ್ದು ಕಾರ್ಯದರ್ಶಿಗಳಿಗೆ ಹೊಸ ಅನುಭವ. ಮೇಷ್ಟ್ರ ಮುಖ ಮಾತ್ರ ಒರೆಸಿದ ಹಲಗೆಯಂತಾಯಿತು.

“ಸತ್ತ ಹಾವಿನ ಬಾಲ ಯಾರು ಬೇಕಾದ್ರೂ ಎಳೀಬಹುದು,” ಅಂದರು ಅವರು. “ಹೊಸದನ್ನ ಹಾಗೆ ಹಿಡೀರಿ ನೋಡೋಣ.”

ಅಂಗಡಿಯಿಂದ ತಂದ ಹೊಸ ಡಬ್ಬಿಯಲ್ಲಿ ಕರೆಂಟು ಎಲ್ಲಿಂದ ಬರಬೇಕು? ಇನ್ನೂ ಪಂಪನ್ನೇ ನೋಡಿರದ ಡಬ್ಬಿ. ಕಾರ್ಯದರ್ಶಿಗಳು ಪತ್ರಿಕೆ ಬಿಚ್ಚಿ, ಹೊಸ ಡಬ್ಬಿಯನ್ನು ಎತ್ತಿ ಹಿಡಿದು, ನಾಟಕದವರಂತೆ ಒಂದು ಸುತ್ತು ಎಲ್ಲರನ್ನೂ ನೋಡಿ, ಹೆಬ್ಬೆರಳು ಇಟ್ಟರು. ತೋರುಬೆರಳು ಇಟ್ಟರು.

ಅದರೊಳಗೆ ಅಂಗಡಿಯಿಂದಲೇ ಟಿಕೆಟ್ಟು ತೆಗೆದುಕೊಂಡು ಕೂತಿದ್ದವರೆಲ್ಲ ಒಟ್ಟಿಗೆ ಇಳಿದರು. ಕತ್ತೆಯೊಂದು ತೋಳಿನ ಒಳಗಿನಿಂದ ಒದ್ದಂತಾಯಿತು. ಕಾರ್ಯದರ್ಶಿಗಳ ಬಾಯಿಂದ ಯಾವ ಭಾಷೆಯದೂ ಅಲ್ಲದ ಒಂದು ಪದ ಹೊರಟಿತು. ಡಬ್ಬಿ ಹಾರಿ, ತೊಟ್ಟಿಯ ಕಬ್ಬಿಣದ ಮುಚ್ಚಳದ ಮೇಲೆ ತಲೆಕೆಳಗಾಗಿ ಬಿದ್ದು, ಉಳಿದಿದ್ದ ಅಷ್ಟಿಷ್ಟನ್ನೂ ಚಟ್ ಎಂದು ಕಕ್ಕಿ, ಉರುಳಿ ಗೋಡೆಗೆ ತಾಗಿ ನಿಂತಿತು. ಕಾರ್ಯದರ್ಶಿಗಳು ನೆಲದ ಮೇಲೆ ಕೂತಿದ್ದರು. ಕನ್ನಡಕ ಒಂದೇ ಕಿವಿಯಿಂದ ನೇತಾಡುತ್ತಿತ್ತು.

ಸೆಕ್ರೆಟ್ರಿಗಳೇ, ಚೆನ್ನಾಗಿದ್ದೀರಾ ಎಂದು ಯಾರೋ ಕೇಳಿದರು.

“ಹೂಂ,” ಅಂದರು ಕಾರ್ಯದರ್ಶಿಗಳು. ಏಳಲಿಲ್ಲ.

ಕೈ ಕೊಟ್ಟು ಎಬ್ಬಿಸಲು ಇಬ್ಬರು ಮುಂದೆ ಬಂದರು. ಮೇಲ್ಮನೆ ಅಕ್ಕ ಅವರನ್ನು ತಡೆದರು. “ಮುಟ್ಟಬೇಡಿ. ಅದರೊಳಗಿದ್ದದ್ದೆಲ್ಲ ಈಗ ಇವರೊಳಗೆ ಹೋಗಿದೆ.”

ಎಲ್ಲರೂ ಹಿಂದೆ ಸರಿದರು. ಈಗ ಚಾರ್ಜು ಡಬ್ಬಿಯಲ್ಲಿದೆಯೋ ಮನುಷ್ಯನಲ್ಲಿದೆಯೋ ಎಂದು ಮೇಷ್ಟ್ರನ್ನು ಕೇಳಿದರು. ಮೇಷ್ಟ್ರು ಬೆಳಗಿನಿಂದ ಕಳೆದುಕೊಂಡ ಗೌರವವನ್ನೆಲ್ಲ ಮರಳಿ ಪಡೆದವರಂತೆ ಗಂಟಲು ಸರಿಮಾಡಿಕೊಂಡರು. ತುಂಬಿದ ಡಬ್ಬಿಗೆ ಖಾಲಿ ಡಬ್ಬಿ ಜೋಡಿಸಿದರೆ ಚಾರ್ಜು ಎರಡಕ್ಕೂ ಹಂಚಿಹೋಗುತ್ತದೆ. ದೊಡ್ಡ ಡಬ್ಬಿಗೆ ದೊಡ್ಡ ಪಾಲು ಅಂದರು. ಎಲ್ಲರ ಕಣ್ಣೂ ಕಾರ್ಯದರ್ಶಿಗಳ ಹೊಟ್ಟೆಯ ಮೇಲೆ ನಿಂತವು.

ಹೀಗೆ, ಆ ಹೊತ್ತಿಗೆ ಪೂರ್ತಿ ಖಾಲಿಯಾಗಿದ್ದ ಒಂದು ಡಬ್ಬಿ, ಪೂರ್ತಿ ಖಾಲಿಯಾಗಿದ್ದ ಒಬ್ಬ ಮನುಷ್ಯ, ಎರಡಕ್ಕೂ ಹತ್ತಡಿ ದೂರ ನಿಂತ ಹನ್ನೊಂದು ಮನೆಯ ಜನ. ಪಂಪಿಗೆ ಎರಡು ವೈರು ಸಿಗಿಸುವವರು ಯಾರೂ ಇರಲಿಲ್ಲ. ಹೊರಗೆ ಕಾರಿನ ಹಾರ್ನು ಕೇಳಿಸಿತು.

ಮೊದಲು ಹೆಂಡತಿ ಇಳಿದರು. ಆಮೇಲೆ ಮಗಳು, ಬಟ್ಟೆ ಸುತ್ತಿದ ಮುಷ್ಟಿಗಾತ್ರದ ಮೊಮ್ಮಗಳನ್ನು ಎದೆಗೊತ್ತಿಕೊಂಡು. ಕೊನೆಗೆ ಬೀಗರು. ಅಪ್ಪ ಯಾಕೆ ನೆಲದ ಮೇಲೆ ಕೂತಿದ್ದಾರೆ ಎಂದು ಮಗಳು ಕೇಳಿದಳು. ಹನ್ನೊಂದು ಮನೆಯವರೂ ಒಟ್ಟಿಗೆ ಉತ್ತರ ಹೇಳಿದರು. ಅದರಲ್ಲಿ ನೀರಿಲ್ಲ ಎಂಬ ಮಾತು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಮಗಳು ಕಾರಿನ ಬಾಗಿಲಿನ ಮೇಲೆ ಕೈಯಿಟ್ಟಳು.

ಬೀಗರು ಗೋಡೆಯ ಬಳಿ ಹೋಗಿ ಹೊಸ ಡಬ್ಬಿಯನ್ನು ಎತ್ತಿಕೊಂಡು, ಅದರ ನಾಲಗೆಗಳನ್ನು ತೊಟ್ಟಿಯ ಮುಚ್ಚಳಕ್ಕೊಮ್ಮೆ ಒರೆಸಿದಂತೆ ತಾಗಿಸಿ, ಮೆಟ್ಟಿಲ ಕೆಳಗೆ ಬಗ್ಗಿದರು. ಹತ್ತು ನಿಮಿಷ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಆಮೇಲೆ ಗುಂಡಿ ಒತ್ತಿದ ಸದ್ದು. ಪಂಪು ಹೂಂ ಅನ್ನದೆ ಎದ್ದು ಕೆಲಸಕ್ಕೆ ಹೊರಟಿತು. ಕೊಳವೆಯಲ್ಲಿ ನೀರು ಏರುವ ಸದ್ದು ಕೇಳುತ್ತಲೇ ಮೇಲ್ಮನೆ ಅಕ್ಕ ಎರಡೆರಡು ಮೆಟ್ಟಿಲು ಹಾರಿಕೊಂಡು ಮೇಲೆ ಓಡಿದರು.

ಕಾರ್ಯದರ್ಶಿಗಳು ತಾವಾಗಿಯೇ ಎದ್ದರು. ಬೀಗರೇ ಸರಿಮಾಡಿದರೇನು, ಯಾರು ಮಾಡಿದರೇನು. ನೀರು ಬಂದಿದೆ. ಮಗಳು ಕಾರಿನ ಬಾಗಿಲಿನಿಂದ ಕೈ ತೆಗೆದಿದ್ದಾಳೆ. ಮಗು ಒಂದು ತಿಂಗಳು ತಮ್ಮ ಮನೆಯಲ್ಲೇ. ಗೆದ್ದಂತೆಯೇ ಲೆಕ್ಕ. ಕನ್ನಡಕ ಸರಿಮಾಡಿಕೊಂಡು ಎರಡು ಕೈಗಳನ್ನೂ ಚಾಚಿ, ಕೊಡಮ್ಮ ಇಲ್ಲಿ, ಅಂದರು.

ಮಗಳು ಒಂದು ಹೆಜ್ಜೆ ಹಿಂದಿಟ್ಟಳು. ಅಪ್ಪನನ್ನು ನೋಡಿ, ದೂರ ನಿಂತ ಜನರನ್ನು ನೋಡಿ, ಕೊನೆಗೆ ಮಾವನ ಕಡೆ ತಿರುಗಿದಳು. “ಮಾವ, ನಿಮಗೆ ಇದೆಲ್ಲ ಗೊತ್ತಲ್ಲ. ಇವ್ರು ಈಗ ಮಗು ಮುಟ್ಟಬಹುದಾ?”

ಮೂವತ್ತು ವರ್ಷ ಕಂಬ ಹತ್ತಿದ ಬೀಗರು. ಎಷ್ಟು ಸಲ ಶಾಕ್ ಹೊಡೆಸಿಕೊಂಡು ಅದೇ ಕೈಯಲ್ಲಿ ಮಕ್ಕಳನ್ನು ಎತ್ತಿದ್ದರೋ. ಅವರು ನಿಧಾನವಾಗಿ ಕೈ ಒರೆಸಿಕೊಂಡು ಸೂರನ್ನು ನೋಡಿದರು.

“ಒಂದು ತಿಂಗಳು ಬಿಡ್ಲಿ,” ಅಂದರು. “ಎಳೇ ಮಗು. ಯಾಕೆ ರಿಸ್ಕು.”

ಹಾಗಾದರೆ ಮಗುವನ್ನು ಎತ್ತಿಕೊಂಡು ತಿರುಗುವವರು ಯಾರು, ಅಮ್ಮನಿಗೆ ಮೊಣಕಾಲು ನೋವು, ಎಂದಳು ಮಗಳು. ಅದಕ್ಕೇನಂತೆ, ನಾನಿರ್ತೀನಲ್ಲ, ಎಂದರು ಬೀಗರು. ಕಾರಿನ ಡಿಕ್ಕಿ ತೆರೆಯಿತು. ಅದರಿಂದ ಅವರ ಸೂಟ್‌ಕೇಸು ಇಳಿಯಿತು, ಹಾಸಿಗೆಯ ಸುರುಳಿ ಇಳಿಯಿತು, ಅವರ ಸ್ವಂತ ದಿಂಬೂ ಇಳಿಯಿತು. ಕಾರ್ಯದರ್ಶಿಗಳು ಹೆಂಡತಿಯ ಮುಖ ನೋಡಿದರು. ಹೆಂಡತಿ ಬೇರೆ ಕಡೆ ನೋಡುತ್ತಾ, ಬೀಗರಿಗೆ ಹತ್ತು ಗಂಟೆಗೇ ಹೇಳಿಬಿಟ್ಟಿದ್ದೆ ರೀ, ನೀವು ಬೇಜಾರು ಮಾಡ್ಕೋತೀರಿ ಅಂತ ಸುಮ್ಮನಿದ್ದೆ ಎಂದರು.

ಬೀಗರು ಮೊಮ್ಮಗಳನ್ನು ಎತ್ತಿಕೊಂಡರು. ಮಗು ಅವರ ತೋಳಿನಲ್ಲಿ ಒಮ್ಮೆ ಮೈಮುರಿದು ಮಲಗಿತು. ಅವರ ಬಾಯಿಯ ಒಂದು ಮೂಲೆ ಮಾತ್ರ, ಒಂದು ಕ್ಷಣ ಮಾತ್ರ, ಮೇಲೆದ್ದದ್ದನ್ನು ಕಾರ್ಯದರ್ಶಿಗಳು ಸ್ಪಷ್ಟವಾಗಿ ಕಂಡರು. ಸುತ್ತ ನೋಡಿದರು. ಇಡೀ ಕಟ್ಟಡದಲ್ಲಿ ವಿಜ್ಞಾನ ತಿಳಿದ ಇನ್ನೊಬ್ಬರೆಂದರೆ ಮೇಷ್ಟ್ರು. ಬೆಳಗಿನಿಂದ ನಡೆದದ್ದನ್ನೆಲ್ಲ ನುಂಗಿಕೊಂಡು ಅವರ ಹತ್ತಿರ ಹೋದರು. ಮೇಷ್ಟ್ರು ಎರಡು ಹೆಜ್ಜೆ ಸರಿದು ನಿಂತರು.

“ಮೇಷ್ಟ್ರೇ, ತಪ್ಪಾಯ್ತು. ನೀವಾದ್ರೂ ಇವರಿಗೆ ಹೇಳಿ, ಮನುಷ್ಯನ ಮೈಯಲ್ಲಿ ಚಾರ್ಜು ನಿಲ್ಲೋದಿಲ್ಲ ಅಂತ. ಎಲ್ಲ ಇಳಿದುಹೋಗಿದೆ ಅಂತ.”

ಮೇಷ್ಟ್ರು ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಮೂವತ್ತನಾಲ್ಕು ವರ್ಷ ಏನು ಪಾಠ ಮಾಡಿದ್ರಿ ಎಂಬ ಮಾತು ಅವರ ಕಿವಿಯಲ್ಲಿ ಇನ್ನೂ ಇತ್ತೇನೋ.

“ಬಹುಪಾಲು ಇಳಿದಿರುತ್ತೆ,” ಅಂದರು. “ಆದರೆ ಸಿದ್ಧಾಂತದ ಪ್ರಕಾರ, ಪೂರ್ತಿ ಖಾಲಿಯಾಗೋದೇ ಇಲ್ಲ.”